ಕರಡಿಗೆಯ ತೂಕ

"ಕರಡಗಿಗೆ ಕೈ ಹಚ್ಚಬ್ಯಾಡ್ರಿ!"

ಅಂಗಳದಲ್ಲಿ ಹಲಗೆಯ ಮೇಲೆ ಕೂಡಿಸಿದ ಹೆಣಕ್ಕೆ ನೀರು ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವನು ಚಮನಸಾಬ, ನೀಲಾ ಟಾಕೀಜಿನ ಆಪರೇಟರ್. ಬಿಸಿನೀರಿನ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದ ಅವನಿಗೆ ತನ್ನ ದನಿ ಕೇಳಿ ತನಗೇ ಹೆದರಿಕೆಯಾಯಿತು. ಸತ್ತ ಶ್ರೀಶೈಲಪ್ಪ ಸಾವಕಾರರ ತಮ್ಮ ಬಸಂತರಾಯ ಅಣ್ಣನ ಕೊರಳಿನ ಶಿವದಾರಕ್ಕೆ ಹಾಕಿದ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದ.

"ಯಾಕೋ?"

"ಅದನ್ನ ಅಯ್ಯಾರ ತಗೀಬೇಕಲ್ರಿ. ಕುಣ್ಯಾಗ ಕೂಡಿಸಿದ ಮ್ಯಾಲೆ."

"ನಮ್ಮ ರಿವಾಜ ನಮಗ ಕಲಸಾಕ ಬಂದೀಯೇನ ನೀ?"

ಪಕ್ಕದ ಮನೆಯ ಗುರುಲಿಂಗಪ್ಪ ಮುದುಕ ತಂಬಿಗೆಯಲ್ಲಿ ನೀರು ತುಂಬಿಕೊಳ್ಳುತ್ತ ತಲೆ ಎತ್ತಿದ.

"ಅಂವಾ ಅನ್ನೂದು ಬರೋಬರಿ ಐತಿ ಬಿಡೋ ಬಸಂತರಾಯ. ಮೈಮ್ಯಾಲಿನ ಲಿಂಗ ಮೈಮ್ಯಾಲೆ ಇರ್ಲಿ. ಸಂಜಿಮುಂದ ಮಠದ ರೇವಣಯ್ಯಜ್ಜಾರು ಕುಣ್ಯಾಗ ಇಳದು ತಮ್ಮ ಕೈಲೆ ತಗದು ಅಂಗೈಯಾಗ ಇಡ್ತಾರ."

ಬಸಂತರಾಯ ಕೈ ಬಿಟ್ಟ. ಲಿಂಗವಿಡುವ ಬೆಳ್ಳಿಯ ಕರಡಿಗೆ ಸಾವಕಾರರ ಒದ್ದೆ ಎದೆಯ ಮೇಲೆ ಹಿಂದಿನಂತೆ ಕೂತಿತು. ಚಮನಸಾಬ ಕೊಡ ಇಳಿಸಿದವನೇ ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ಗೋಡೆಗೆ ಆತು ನಿಂತ. ಇಪ್ಪತ್ತು ವರ್ಷ ಮಷೀನಿನ ಕಾರ್ಬನ್ ಕಡ್ಡಿ ಬದಲಿಸಿ ಬದಲಿಸಿ ಅವನ ಬೆರಳುಗಳು ಮಸಿಯಾಗಿದ್ದವು. ಸೀಮೆಎಣ್ಣೆ, ಬೂದಿ, ಹೆಂಡತಿ ಹಜರಾಬಿಯ ಬೈಗುಳ ಯಾವುದಕ್ಕೂ ಬಗ್ಗದ ಮಸಿ. ಇಂಥ ಮನೆಯಲ್ಲಿ, ಇಂಥ ದಿನ ಅವುಗಳನ್ನು ಎಲ್ಲಿ ಬಚ್ಚಿಡಬೇಕೋ ಅವನಿಗೆ ತಿಳಿಯದಾಗಿತ್ತು.

ಆದರೆ ಅವನ ಹೆದರಿಕೆ ಅದಕ್ಕಲ್ಲ. ಆ ಕರಡಿಗೆಯೊಳಗೆ ಲಿಂಗವಿಲ್ಲ ಎಂಬುದು ಇಡೀ ಸಿಂದಗಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲೊಬ್ಬರು ಈಗ ಹಲಗೆಯ ಮೇಲೆ ಕೂತು ಸ್ನಾನ ಮಾಡಿಸಿಕೊಳ್ಳುತ್ತಿದ್ದರು. ಉಳಿದವನು ಇವನು, ನಬಿಸಾಬನ ಮಗ, ಹೇಳಲೂ ಆಗದೆ ನುಂಗಲೂ ಆಗದೆ ಗೋಡೆಗೆ ಅಂಟಿದವನು.

* * *

ನಾಲ್ಕು ವರ್ಷದ ಹಿಂದೆ, ಎಪ್ಪತ್ತೈದರ ನಾಗರಪಂಚಮಿ.

ಪಂಚಮಿಗೆ ಹೆಣ್ಣುಮಕ್ಕಳಿಗಷ್ಟೇ ಒಂದು ಷೋ ಎಂಬುದು ತಮ್ಮ ಟಾಕೀಜಿಗೆ ಸಾವಕಾರರು ತಾವೇ ಹಾಕಿಕೊಂಡ ಪದ್ಧತಿ. ತವರಿಗೆ ಬಂದ ಹೆಣ್ಣುಮಕ್ಕಳು ಬೆಳಿಗ್ಗೆ ಜೋಕಾಲಿ ಆಡಿ, ಮಧ್ಯಾಹ್ನ ಉಡಿಯಲ್ಲಿ ಅಳ್ಳು ಉಂಡಿ ಕಟ್ಟಿಕೊಂಡು ಟಾಕೀಜಿಗೆ ಬರಬೇಕು. ಆ ಹೊತ್ತು ಗಂಡಸೆನ್ನುವವನು ಒಳಗೆ ಇದ್ದರೆ ಆಪರೇಟರ್ ಒಬ್ಬನೇ, ಅದೂ ಮೇಲಿನ ಕ್ಯಾಬಿನ್ನಿನಲ್ಲಿ. ಆ ವರ್ಷ ಪಿಚ್ಚರಿನ ಪೆಟ್ಟಿಗೆಗಳು ಬಾಗೇವಾಡಿಯಲ್ಲಿ ಉಳಿದಿದ್ದವು. ತರಲು ಸಾವಕಾರರು ತಾವೇ ಹೊರಟರು, ಚಮನಸಾಬನನ್ನೂ ಕರೆದುಕೊಂಡು. ತಿರುಗಿ ಬರುವಾಗ ನೋಡಿದರೆ ಡೋಣಿ ಹೊಳೆ ಸೇತುವೆ ಮೇಲೆ ಹರಿಯುತ್ತಿದೆ. ಬಸ್ಸು ನಿಂತಿತು. ಜನ ಇಳಿದು ಬುತ್ತಿ ಬಿಚ್ಚಿದರು.

ಸಾವಕಾರರು ಗಡಿಯಾರ ನೋಡಿದರು. ಹೊಳೆ ನೋಡಿದರು. ಧೋತರ ಮೇಲೆ ಕಟ್ಟಿದರು.

"ಮೂರಕ್ಕ ಷೋ ಐತಿ ಚಮನ್ಯಾ. ಹೆಣ್ಣಮಕ್ಕಳಿಗೆ ಮಾತ ಕೊಟ್ಟೇನಿ."

"ಜೀವಾ ಹೋದ್ರ ಯಾ ಷೋ ರೀ ಸಾವಕಾರ್ರ?"

"ಹೋಗೂದಿಲ್ಲ ನಡಿ. ಪುರಸಭಾ ಅಧ್ಯಕ್ಷ ಹೊಳ್ಯಾಗ ಹೋದ್ರ ಸರಕಾರಕ್ಕ ತ್ರಾಸ ಆಕ್ಕೈತಿ."

ಇಬ್ಬರೂ ಒಂದೊಂದು ತಗಡಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು, ಸೇತುವೆಯ ಕಲ್ಲುಗಳನ್ನು ಕಾಲಲ್ಲಿ ತಡವುತ್ತ ನೀರಿಗಿಳಿದರು. ನಡುವಿನಲ್ಲಿ ನೀರು ಎದೆಗೆ ಬಂತು. ಸಾವಕಾರರು ಒಮ್ಮೆ ಜೋಲಿ ಹೋದರು. ಪೆಟ್ಟಿಗೆ ತಲೆಯಿಂದ ಜಾರಿ ಎದೆಗೆ ಬಡಿಯಿತು. ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ದಡ ಸೇರಿದರು. ಪೆಟ್ಟಿಗೆ ಇಳಿಸಿ ಎದೆ ಮುಟ್ಟಿಕೊಂಡಾಗ ಕರಡಿಗೆಯ ಮುಚ್ಚಳ ಬಿಚ್ಚಿ ಜೋತು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

ಸಾವಕಾರರು ತಿರುಗಿ ಸೊಂಟದ ನೀರಿನವರೆಗೆ ಹೋದರು, ಬಗ್ಗಿ ಎರಡು ಬಾರಿ ಕೈಯಾಡಿಸಿದರು. ಡೋಣಿಯ ನೀರು ಮಸಿಯ ಹಾಗೆ ಕಪ್ಪು. ಲಿಂಗ ಕಳೆದುಕೊಂಡವನು ಅದು ಸಿಗುವ ತನಕ ಹನಿ ನೀರು ಸಹ ಕುಡಿಯಬಾರದೆಂದು ಅವರ ಮನೆಯಲ್ಲಿ ಹೇಳುತ್ತಿದ್ದದ್ದು ಚಮನಸಾಬನಿಗೂ ಗೊತ್ತಿತ್ತು. ಈ ಕಡೆಯ ಬಸ್ಸು ಹಾರ್ನ್ ಹೊಡೆಯಿತು. ಸಾವಕಾರರು ಹೊಳೆಯನ್ನು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು.

"ನಡಿ," ಅಂದರು. "ಮೂರಕ್ಕ ಷೋ ಐತಿ."

ಷೋ ಆಯಿತು. ಕೆಳಗೆ ಆರುನೂರು ಹೆಣ್ಣುಮಕ್ಕಳು ನಕ್ಕರು, ಅತ್ತರು, ಉಂಡಿ ತಿಂದರು. ಮೇಲೆ ಕ್ಯಾಬಿನ್ನಿನಲ್ಲಿ ಸಾವಕಾರರು ಒದ್ದೆ ಧೋತರದಲ್ಲೇ ಸ್ಟೂಲಿನ ಮೇಲೆ ಕೂತು ಕರಡಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಹಗರ ಆಗೇತಿ," ಅಂದರು. "ನಲವತ್ತ ವರ್ಷ ತೂಗಿದ್ದು. ಈಗ ಎದಿಮ್ಯಾಲೆ ಏನೂ ಇಲ್ಲದಂಗ ಅನಸ್ತೈತಿ."

ಮಷೀನಿನೊಳಗೆ ಎರಡು ಕಾರ್ಬನ್ ಕಡ್ಡಿ ಎದುರುಬದರು ಉರಿದರೇ ಪರದೆಯ ಮೇಲೆ ಬೆಳಕು. ಉರಿದು ಮೋಟಾದದ್ದನ್ನು ತೆಗೆದು ಎಸೆದು ಬೇರೆ ಕಡ್ಡಿ ಹಾಕಬೇಕು. ಚಮನಸಾಬ ಹಾಗೆ ಎಸೆದ ಒಂದು ಮೋಟನ್ನು, ಆರಿದ ಮೇಲೆ, ಸಾವಕಾರರು ಬಗ್ಗಿ ಎತ್ತಿಕೊಂಡರು. ಬೆರಳ ತುದಿಯಷ್ಟಿತ್ತು. ಕರಡಿಗೆಯಲ್ಲಿಟ್ಟು ಮುಚ್ಚಳ ಒತ್ತಿದರು.

"ತೂಕಕ್ಕ ಅಷ್ಟ," ಅಂದರು ಅವನ ಮುಖ ನೋಡದೆ. "ಸೋಮವಾರ ರೇವಣಯ್ಯಜ್ಜಾರ ಕಡೆ ಹೋಗಿ ಹೊಸಾದ ಕಟ್ಟಿಸಿಕೊಂಡ ಬರ್ತೇನಿ."

* * *

ಹೆಣಕ್ಕೆ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದಾಯಿತು. ತಲೆಗೆ ಜರಿ ರುಮಾಲು, ಕೊರಳಿಗೆ ಹೂವಿನ ಹಾರ, ಹಾರದ ನಡುವೆ ಇಣುಕುವ ಕರಡಿಗೆ. ಪುರಸಭೆಯವರು ಬಂದರು, ಪೇಟೆಯವರು ಬಂದರು, ಹಿಪ್ಪರಗಿಯಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು. ಬಂದವರೆಲ್ಲ ತಮ್ಮ ತಮ್ಮ ಶ್ರೀಶೈಲಪ್ಪನನ್ನು ತಂದಿದ್ದರು.

"ನಮ್ಮ ಓಣಿಗೆ ನಳಾ ತಂದಾಂವಾ ಅಂವಾ," ಎಂದನೊಬ್ಬ.

"ರಸ್ತಾಕಂತ ನನ್ನ ಅಂಗಡಿಕಟ್ಟಿ ಒಡಸಿದಾಂವನೂ ಅಂವನ. ನಾ ಬ್ಯಾಡಂದ್ರೂ ಕೇಳಲಿಲ್ಲ," ಎಂದ ಇನ್ನೊಬ್ಬ. ಅಂದವನು ಮೂಗು ಸೊರಸೊರ ಎಳೆದುಕೊಳ್ಳುತ್ತಿದ್ದ.

ಟಾಕೀಜಿನಲ್ಲಿ ಹೆಣ್ಣುಮಕ್ಕಳ ಕಡೆಯ ಬಾಗಿಲು ಕಾಯುವ ಲಕ್ಕವ್ವ ಕಾಲು ಚಾಚಿ ಕೂತು ಹಾಡಿ ಹಾಡಿ ಅಳುತ್ತಿದ್ದಳು. ನಿನ್ನೆ ಸಂಜೆ ಸಾವಕಾರರು ಕೂತದ್ದು ಅವಳ ಬಾಗಿಲ ಮೆಟ್ಟಿಲ ಮೇಲೆ. ನೀರು ಕೇಳಿದ್ದರು. ಅವಳು ತರುವಷ್ಟರಲ್ಲಿ ಮುಗಿದಿತ್ತು. ಅಳುವಿನ ನಡುವೆಯೇ ಅವಳು ಕುಪ್ಪಸದ ತೋಳು ಮೇಲೆ ಸರಿಸಿ ಸಿಡುಬಿನ ಚುಚ್ಚುಮದ್ದಿನ ಕಲೆಯನ್ನು ಎಲ್ಲರಿಗೂ ತೋರಿಸಿದಳು.

"ನೋಡ್ರೇ ಯವ್ವಾ! ದೇವಿ ಹಾಕಸ್ಕೊಳ್ಳದವರಿಗೆ ಟಿಕೀಟ ಇಲ್ಲ ಅಂತ ಬಾಗಲಾ ಹಾಕಿಸಿದ್ದ. ನರ್ಸಬಾಯಿನ್ನ ನನ್ನ ಮಗ್ಗಲ ನಿಂದರಿಸಿ ಊರ ಹೆಂಗಸರಿಗೆಲ್ಲಾ ಚುಚ್ಚಿಸಿದ. ಪೈಲೇ ನನಗ! ಪಿಚ್ಚರ ಹುಚ್ಚಿಗೆ ಜೀವಾ ಉಳಕೊಂಡೇವು!"

ನಗಬಾರದ ಜಾಗದಲ್ಲಿ ನಾಲ್ಕು ಜನ ನಕ್ಕು, ನಕ್ಕದ್ದಕ್ಕೆ ಮತ್ತೆ ಅತ್ತರು. ಚಮನಸಾಬನಿಗೆ ಯಾವುದೂ ಹತ್ತಲಿಲ್ಲ. ಅವನ ಕಣ್ಣು ಕರಡಿಗೆಯ ಮೇಲೇ ಇತ್ತು. ಯಾರೂ ಇಲ್ಲದ ಗಳಿಗೆ ನೋಡಿ ಮೋಟನ್ನು ತೆಗೆದುಬಿಟ್ಟರೆ? ಆಗ ಖಾಲಿ ಕರಡಿಗೆ ಸಿಗುತ್ತದೆ, ಕದ್ದವನು ಯಾರೆಂದು ಊರೇ ಹೇಳುತ್ತದೆ. ಪೇಟೆಯಲ್ಲಿ ಹೊಸ ಲಿಂಗ ತಂದು ಇಟ್ಟರೆ? ಗುರು ಕಟ್ಟದ ಲಿಂಗಕ್ಕೂ ಮೋಟಿಗೂ ಏನು ಫರಕು, ಅದೂ ಇವನ ಕೈಯಿಂದ? ಯಾವ ಕಡೆ ತಿರುಗಿದರೂ ಗೋಡೆ.

"ಚಮನಸಾಬ, ಅವ್ವಾರ ಕರೀತಾರ," ಎಂದು ಯಾರೋ ಬಂದು ಹೇಳಿದರು.

ಸಾವಕಾರರ ಹೆಂಡತಿ ಶಂಕ್ರೆವ್ವ ದೇವರಮನೆಯ ಹೊಸ್ತಿಲಲ್ಲಿ ಒಬ್ಬಳೇ ಕೂತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಬಂದವರು ಅದನ್ನು ಆಗಲೇ ಬಾಯಿಂದ ಬಾಯಿಗೆ ದಾಟಿಸಿದ್ದರು.

"ಒಂದ ಮಾತ ಕೇಳ್ತೇನಿ. ಅವರ ಹೆಣಾ ಹೊರಗೈತಿ, ಸುಳ್ಳ ಹೇಳಬ್ಯಾಡ," ಎಂದಳು. "ನಾಕ ವರ್ಷಾತು, ಅವರು ಈ ದೇವರಮನ್ಯಾಗ ಕುಂತು ಪೂಜಿ ಮಾಡಲಿಲ್ಲ. ಲಿಂಗಪೂಜಿ ಟಾಕೀಜಿನ್ಯಾಗ ಮಾಡ್ತೇನಿ, ಅಲ್ಲಿ ಮನಸ ನಿಂದರತೈತಿ ಅಂದ್ರು. ಊರಮಂದಿ ಭಕ್ತಿ ಅಂದ್ರು. ನಾ ಹುಚ್ಚಿ ಅಲ್ಲ. ಅಲ್ಲಿ ಯಾರಿದ್ಲು?"

"ಯಾರ... ಯಾರದು ರೀ?"

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಕರವಸ್ತ್ರ ತೆಗೆದು ಬಿಚ್ಚಿದಳು. ಸಾವಕಾರರದೇ, ಮೂಲೆಯಲ್ಲಿ ಹಸಿರು ದಾರದ ಹೊಲಿಗೆ. ನಡುವೆ ಕಪ್ಪು ಕಲೆಗಳು, ಬೆರಳಿಂದ ತೀಡಿದಂಥವು.

"ಕಾಡಿಗಿ. ಅಂಗಿ ಎದಿಮ್ಯಾಗ, ಧೋತರದ ಚುಂಗಿಗೆ, ಎಡಗೈಯಾಗ. ನಾಕ ವರ್ಷ ನಾನ ತೊಳದೇನಿ. ಒಂದ ದಿನಾ ಕೇಳಲಿಲ್ಲ. ಈಗ ಯಾರನ್ನ ಕೇಳಲಿ?"

ಚಮನಸಾಬ ಕಲೆಗಳನ್ನು ನೋಡಿದ. ಅವು ಏನೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು? ಅವನ ಹೆಂಡತಿಯೂ ಇಪ್ಪತ್ತು ವರ್ಷದಿಂದ ಅದನ್ನೇ ತಿಕ್ಕುತ್ತಿದ್ದಳು. ಕಂಕುಳಲ್ಲಿದ್ದ ಕೈಗಳನ್ನು ಇನ್ನೂ ಒಳಕ್ಕೆ ತಳ್ಳಿಕೊಂಡ.

"ಯಾರೂ ಇದ್ದಿಲ್ರಿ ಅವ್ವಾರ. ನನ್ನ ಮಕ್ಕಳ ಆಣಿ. ಅಲ್ಲಿ ನಾ ಮತ್ತ ಅವರು ಇಬ್ಬರ ಇರ್ತಿದ್ವಿ."

"ನೀ ಅವರ ಮನಷ್ಯಾ. ನೀ ಹಿಂಗ ಅನ್ನಾಂವನ." ಅವಳ ದನಿ ಏರಲಿಲ್ಲ. "ಹೋಗು. ನಾ ಕುಣಿತನಕ ಬರೂದಿಲ್ಲ ಅಂತ ಬಸಂತರಾಯಗ ಹೇಳು. ಬಂದ್ರ ಈ ವಸ್ತ್ರಾ ಅವರ ಮಾರಿಮ್ಯಾಲೆ ಒಗದ ಬರ್ತೇನಿ. ಅಷ್ಟ ಮಂದ್ಯಾಗ ಅದು ಬ್ಯಾಡ."

* * *

ಆ ಸೋಮವಾರ ಸಾವಕಾರರು ಮಠಕ್ಕೆ ಹೋಗಿದ್ದರು. ಹೋದಂತೆಯೇ ತಿರುಗಿ ಬಂದು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದ್ದರು.

"ಅಜ್ಜಾರು ಕೇಳ್ತಾರೋ ಚಮನ್ಯಾ. ಎಷ್ಟ ಹೊತ್ತ ಹುಡಕಿದೆಪಾ ಅಂತ ಕೇಳೇ ಕೇಳ್ತಾರ. ಬಸ್ಸಿನ ಹಾರನ್ ಕೇಳಿ ಬಂದೇನ್ರಿ ಅಂತ ಹೆಂಗ ಹೇಳ್ಲಿ?"

ಅದು ಮುಂದಿನ ಸೋಮವಾರವಾಯಿತು, ಶ್ರಾವಣದ ಕಡೆಯದಾಯಿತು, ಶಿವರಾತ್ರಿಯಾಯಿತು. ಪುರಸಭೆಯಲ್ಲಿ ಎಂಥ ಕೆಲಸವನ್ನೂ ನಾಳೆಗೆ ಬಿಡದ ಮನುಷ್ಯ ಈ ಒಂದನ್ನು ನಾಲ್ಕು ವರ್ಷ ಎಳೆದರು. ದಿನಾ ಮುಂಜಾನೆ ಸ್ನಾನ ಮಾಡಿ ಟಾಕೀಜಿಗೆ ಬರುವರು. ಕ್ಯಾಬಿನ್ನಿನಲ್ಲಿ ಬಾಗಿಲ ಕಡೆ ಬೆನ್ನು ಹಾಕಿ ಕೂತು, ಎಡ ಅಂಗೈಯಲ್ಲಿ ಆ ಮೋಟು ಇಟ್ಟುಕೊಂಡು, ಮೂರು ಬೆರಳಿನಿಂದ ವಿಭೂತಿ ಹಚ್ಚುವರು. ಚಮನಸಾಬ ಮಷೀನು ಒರೆಸುತ್ತ ಬೇರೆ ಕಡೆ ನೋಡುವನು. ಇದು ಪೂಜೆಯೋ, ನಾಟಕವೋ, ತಪ್ಪಿಗೆ ತಾವೇ ಹಾಕಿಕೊಂಡ ಶಿಕ್ಷೆಯೋ ಅವನಿಗೆ ಇಂದಿಗೂ ಬಗೆಹರಿದಿರಲಿಲ್ಲ.

ಅವರಿಗೂ ಬಗೆಹರಿದಿರಲಿಲ್ಲವೆಂದು ಕಾಣುತ್ತದೆ. ಒಮ್ಮೆ ಕಣ್ಣು ಮುಚ್ಚಿಕೊಂಡೇ ಕೇಳಿದ್ದರು.

"ಇದು ಬೆಳಕ ಕೊಟ್ಟ ಸುಟ್ಟಿದ್ದಲ್ಲೇನೋ? ತಪ್ಪೇನ ಹೇಳು."

"ನನಗೇನ ಗೊತ್ತಾಗ್ತೈತ್ರಿ ಸಾವಕಾರ್ರ."

"ನನಗೂ ಗೊತ್ತಾಗವೊಲ್ದು," ಅಂದು, ಮೋಟನ್ನು ಕರಡಿಗೆಗೆ ಹಾಕಿ, ಕರವಸ್ತ್ರ ತೆಗೆದು ಕೈ ಒರೆಸಿಕೊಂಡು ಪುರಸಭೆಗೆ ಹೋಗಿದ್ದರು.

* * *

ದೇವರಮನೆಯ ಹೊಸ್ತಿಲಿಂದ ನಾಲ್ಕು ಹೆಜ್ಜೆ ನಡೆದ ಚಮನಸಾಬ ನಿಂತ. ಹೇಳಿದರೆ ಸಾವಕಾರರ ಮಾನ ಹೋಗುತ್ತದೆ. ಹೇಳದಿದ್ದರೆ ಈ ಹೆಣ್ಣುಮಗಳು ಇಲ್ಲದ ಒಬ್ಬ ಸವತಿಯ ಜೊತೆ ಸಾಯುವ ತನಕ ಬಾಳುತ್ತಾಳೆ. ಸತ್ತವರ ಮಾನ ದೊಡ್ಡದೋ ಇದ್ದವರ ನೋವು ದೊಡ್ಡದೋ, ತೂಗಿ ಹೇಳುವ ಜಾಣ ಅವನಲ್ಲ. ಅವನು ತಿರುಗಿ ಬಂದ.

"ಅವ್ವಾರ, ನಾ ಹೇಳಾಕ ಬರೂದಿಲ್ಲ. ಖರೇನ ಬರೂದಿಲ್ಲ. ಆದ್ರ ನೀವು ಕುಣಿತನಕ ಬರ್ರಿ. ಅಜ್ಜಾರು ಕರಡಗಿ ತಗೀವಾಗ ಮಗ್ಗಲದಾಗ ನಿಂತ ನೋಡ್ರಿ. ಆಮ್ಯಾಲೆ ಆ ವಸ್ತ್ರಾ ಒಗೀಬೇಕನಿಸಿದ್ರ ಒಗೀರಿ."

ಶಂಕ್ರೆವ್ವ ಕರವಸ್ತ್ರವನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಇಳಿಹೊತ್ತಿಗೆ ಹೆಣ ಕೂಡಿಸಿದ ವಿಮಾನ ಹೊರಟಿತು. ಬಾಳೆಕಂಬ, ಹೂವು ಕಟ್ಟಿದ ಕುರ್ಚಿಯಲ್ಲಿ ಸಾವಕಾರರು ಊರು ನೋಡಲು ಹೊರಟವರಂತೆ ನೆಟ್ಟಗೆ ಕೂತಿದ್ದರು. ಮುಂದೆ ಭಜನೆ, ಹಿಂದೆ ಜನ. ಟಾಕೀಜಿನ ಮುಂದೆ ಐದು ನಿಮಿಷ ನಿಲ್ಲಿಸಿದರು. ದಿನಾ ಈ ಹೊತ್ತಿಗೆ ಊರಿಗೆಲ್ಲ ಕೇಳುವ ಹಾಗೆ ಹಾಡು ಹಚ್ಚುತ್ತಿದ್ದ ಭೋಂಗಾ ಮಾಳಿಗೆಯ ಮೇಲೆ ಸುಮ್ಮನಿತ್ತು. ಹೆಣ್ಣುಮಕ್ಕಳ ಗುಂಪಿನಲ್ಲಿ ಶಂಕ್ರೆವ್ವನ ಬಿಳಿ ಸೀರೆಯ ಸೆರಗು ಕಂಡಾಗ ಚಮನಸಾಬನಿಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು.

ಇನ್ನು ಉಳಿದದ್ದು ಒಂದೇ ದಾರಿ. ಅವನು ಜನರನ್ನು ಹೆಗಲಿನಿಂದ ಸರಿಸುತ್ತ ರೇವಣಯ್ಯಜ್ಜನ ಮಗ್ಗುಲಿಗೆ ಹೋದ. ಎಂಬತ್ತರ ಮುದುಕ, ಕಣ್ಣಲ್ಲಿ ಹೂವು ಬೆಳೆದು ಮನುಷ್ಯರನ್ನು ದನಿಯಿಂದ ಗುರುತು ಹಿಡಿಯುವವರು.

"ಅಜ್ಜಾರ, ನಾ ಟಾಕೀಜಿನ ಚಮನಸಾಬ. ಒಂದ ಮಾತ. ಸಾವಕಾರ್ರ ಕರಡಗ್ಯಾಗ ಲಿಂಗ ಇಲ್ರಿ. ಡೋಣ್ಯಾಗ ಹೋಗೇತ್ರಿ..."

ಅಷ್ಟರಲ್ಲಿ ಭಜನೆಯವರ ತಾಳ ಜೋರಾಯಿತು. ಅಜ್ಜ ತಲೆ ಅಲ್ಲಾಡಿಸಿದರು. ಮಾತು ಕೇಳಿಯೋ, ತಾಳಕ್ಕೋ?

"ಕೇಳಸ್ತೇನ್ರಿ ಅಜ್ಜಾರ?"

"ಹೊಲಾ ಇನ್ನ ಎಷ್ಟ ದೂರ ಐತಪಾ?" ಎಂದರು ಅಜ್ಜ.

ಹಿಪ್ಪರಗಿ ರಸ್ತೆಯ ಹೊಲದಲ್ಲಿ ಕುಣಿ ತೋಡಿದ್ದರು. ಎರೆಭೂಮಿ. ಸುತ್ತ ಕರಿಮಣ್ಣಿನ ಗುಡ್ಡೆ. ಸಾವಕಾರರನ್ನು ಇಳಿಸಿ, ಪದ್ಮಾಸನ ಹಾಕಿಸಿ ಒಳಗೋಡೆಯ ಗೂಡಿನಲ್ಲಿ ಕೂಡಿಸಿದರು. ಇಬ್ಬರು ರಟ್ಟೆ ಹಿಡಿದು ಅಜ್ಜರನ್ನೂ ಇಳಿಸಿದರು. ಬಸಂತರಾಯ ವಿಭೂತಿಯ ಬುಟ್ಟಿ ಹಿಡಿದು ದಂಡೆಯಲ್ಲಿ ನಿಂತ. ಅವನ ಮಗ್ಗುಲಿಗೆ ಶಂಕ್ರೆವ್ವ ಬಂದು ನಿಂತಳು. ಮುಷ್ಟಿಯಲ್ಲಿ ಕರವಸ್ತ್ರವಿತ್ತು.

ಅಜ್ಜ ಶಿವದಾರ ತಡವಿ ಕರಡಿಗೆ ಹಿಡಿದರು. ಮುಚ್ಚಳ ಬಿಚ್ಚಿತು. ಎರಡು ಬೆರಳು ಒಳಗೆ ಹೋದವು.

ಅಜ್ಜರ ಕೈ ಅಲ್ಲೇ ನಿಂತಿತು.

ಚಮನಸಾಬನಿಗೆ ಭಜನೆ ಕೇಳಿಸದಾಯಿತು. ಅಜ್ಜ ಹೊರತೆಗೆದದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಇನ್ನೊಮ್ಮೆ ಸವರಿದರು. ಕಾಣದ ಕಣ್ಣುಗಳನ್ನು ಸಾವಕಾರರ ಮುಖದ ಕಡೆ ಎತ್ತಿದರು.

"ಏನಾತ್ರಿ ಅಜ್ಜಾರ?" ಬಸಂತರಾಯ ಬಗ್ಗಿದ.

"ಏನಾಗಿಲ್ಲ. ವಿಭೂತಿ ತಾ. ಭಾಳ ತಾ."

ಬುಟ್ಟಿಯಿಂದ ಬೊಗಸೆ ತುಂಬ ವಿಭೂತಿ ತೆಗೆದುಕೊಂಡು, ಮುಷ್ಟಿಯಲ್ಲಿದ್ದದ್ದನ್ನು ಅದರಲ್ಲಿ ಹೂತು, ಹಾಗೇ ಸಾವಕಾರರ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಮೇಲೆ ಪತ್ರಿ ಮುಚ್ಚಿದರು. ಮಂತ್ರ ಹೇಳುವಾಗ ಅವರ ದನಿ ಎಲ್ಲಿಯೂ ತಡೆಯಲಿಲ್ಲ. ಸುತ್ತ ನಿಂತವರು ಕೈ ಮುಗಿದರು.

ಅಜ್ಜರನ್ನು ಮೇಲೆತ್ತಿದರು. ಮುದುಕ ಬಲಗೈ ಮುಂದೆ ಚಾಚಿ, ಒರೆಸಿಕೊಳ್ಳಲು ಏನಾದರೂ ಕೊಡಿ ಎಂಬಂತೆ ಗಾಳಿಯಲ್ಲಿ ತಡವಾಡಿದರು. ಎದುರಿಗಿದ್ದವಳು ಶಂಕ್ರೆವ್ವ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ಕೈಯಲ್ಲಿದ್ದ ವಸ್ತ್ರ ಕೊಟ್ಟುಬಿಟ್ಟಿದ್ದಳು. ಅಜ್ಜ ಬೆರಳು ಒಂದೊಂದಾಗಿ ಒರೆಸಿಕೊಂಡು ತಿರುಗಿ ಕೊಟ್ಟರು.

ಅವಳು ವಸ್ತ್ರ ಬಿಚ್ಚಿ ನೋಡಿದಳು. ಹಳೆಯ ಕಲೆಗಳ ಪಕ್ಕದಲ್ಲಿ ವಿಭೂತಿ ಬೆರೆತ ಹೊಸ ಕಲೆಗಳು. ಅದೇ ಕಪ್ಪು, ಅದೇ ಬೆರಳಿನ ತೀಡು.

ಅವಳು ತಲೆಯೆತ್ತಿ ಗುಂಪಿನಲ್ಲಿ ಯಾರನ್ನೋ ಹುಡುಕಿದಳು. ಮಣ್ಣಿನ ಗುಡ್ಡೆಯ ಆಚೆ ಚಮನಸಾಬ ನಿಂತಿದ್ದ. ಬೆಳಗಿನಿಂದ ಕಂಕುಳಲ್ಲಿ ಹುದುಗಿಸಿದ್ದ ಕೈಗಳನ್ನು ಅವನು ಮೊದಲ ಸಲ ಹೊರಗೆ ತೆಗೆದು, ಅವಳಿಗೆ ಕಾಣುವ ಹಾಗೆ ಹತ್ತೂ ಬೆರಳು ಬಿಡಿಸಿ ಹಿಡಿದ.

"ಮಣ್ಣ ಹಾಕ್ರಿ," ಎಂದರು ಅಜ್ಜ. "ಪೈಲೇ ಮನಿಯವರು ಹಾಕ್ರಿ. ಆ ಟಾಕೀಜಿನ ಚಮನಸಾಬ ಎಲ್ಲೆದಾನ? ಅವನನ್ನೂ ಕರೀರಿ."

ಶಂಕ್ರೆವ್ವನ ಗಂಟಲಿಂದ ಬೆಳಗಿನಿಂದ ಬಾರದಿದ್ದ ಅಳು ಒಮ್ಮೆಲೇ ಹೊರಟಿತು. ಹೆಣ್ಣುಮಕ್ಕಳು ಹಿಡಿದುಕೊಳ್ಳಲು ಬಂದರು. ಅವಳು ಅವರ ಕೈ ಸರಿಸಿ, ವಸ್ತ್ರವನ್ನು ಕುಣಿಯ ಕಡೆಗೆ ಒಯ್ಯದೆ, ಮೆಲ್ಲಗೆ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಣ್ಣಿಗೆ ಬಗ್ಗಿದಳು.